ಎಣ್ಣೆಯೂ ಬೇಕು, ಮಾತ್ರೆಯೂ ಬೇಕು

"ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ರೆ ಅಜ್ಜಿಗೆ ಇಂಜೆಕ್ಷನ್ ಬೇಡ್ವಾ?" ಹೋದ ಭಾನುವಾರ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು. ಬೇಕಮ್ಮ, ಎರಡೂ ಬೇಕು. ಅಕ್ಟೋಬರ್ 18 ವೈದ್ಯನಾದ ಸಂತ ಲೂಕನ ಹಬ್ಬ, ಅಂದೇ ನಮ್ಮ ಸ್ವಸ್ಥತೆಯ ಆರಾಧನೆ. ನಮ್ಮ ಸಭೆಯ ಪತ್ರಿಕೆಯ ಪುಟಗಳು ಇವತ್ತು ರಾತ್ರಿಯೇ ಪ್ರೆಸ್ಸಿಗೆ ಹೋಗಬೇಕು. ಈ ಸಲದ ಜಾಗವೆಲ್ಲ ಆ ಪ್ರಶ್ನೆಗೇ ಇರಲಿ.

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇನೆ ಜೋರಾದರೆ "ಮಿರಜಿಗೆ ಒಯ್ಯಿರಿ" ಅನ್ನುವುದು ಆ ಊರುಗಳ ಮಾತು. ವೈದ್ಯ ಮಿಷನರಿ ವಿಲಿಯಂ ವಾನ್ಲೆಸ್ 1894ರಲ್ಲಿ ಮಹಾರಾಷ್ಟ್ರದ ಆ ಊರಿನಲ್ಲಿ ಮಿಷನ್ ಆಸ್ಪತ್ರೆ ಶುರುಮಾಡಿದರು. ಆಪರೇಷನ್‌ಗೆ ಮುಂಚೆ ಪ್ರಾರ್ಥನೆ ಮಾಡುವುದು ಮಿಷನ್ ಆಸ್ಪತ್ರೆಗಳ ವಾಡಿಕೆ. ಪ್ರಾರ್ಥನೆ ಆಯಿತೆಂದು ಅಲ್ಲಿ ಯಾರೂ ಆಪರೇಷನ್ ಬಿಡಲಿಲ್ಲ.

ಈಗ ಕಲಬುರಗಿ, ವಿಜಯಪುರದವರು ಮುಂಬೈ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಧರ್ಮಶಾಲೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರನ್ನು ನೋಡಲು ಹೋಗುವವರು ಇಷ್ಟು ತಿಳಿದಿರಬೇಕು. ಬೈಬಲಿನ ಯಾಕೋಬನ ಪತ್ರಿಕೆ 5:14ರಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸುವವನು ರೋಗಿಯೇ. ಕರೆಯದೆ ಹೋಗಬೇಡಿ. ಇಬ್ಬರೇ ಹೋಗಿ, ಹತ್ತು ನಿಮಿಷದಲ್ಲಿ ಏಳಿ. ನೆಗಡಿ, ಕೆಮ್ಮು ಇದ್ದರೆ ಹೋಗಲೇಬೇಡಿ: ಕೀಮೋ, ಅಂದರೆ ಕ್ಯಾನ್ಸರ್ ಔಷಧಿ, ಆದವರಲ್ಲಿ ಬಿಳಿ ರಕ್ತಕಣ ಇಳಿದಿರುತ್ತವೆ, ನಮ್ಮ ಸಣ್ಣ ನೆಗಡಿ ಅವರ ಜೀವಕ್ಕೆ ಬರಬಹುದು. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಆಮೇಲೆ "ಮುಟ್ಟಬಹುದೇ?" ಎಂದು ಕೇಳಿ.

ಎಣ್ಣೆ ಆಲಿವ್‌ನದು, ಸಿಗದ ಕಡೆ ಬೇರೆ ಸಸ್ಯದ ಎಣ್ಣೆಯೂ ಆಗುತ್ತದೆ, ಕ್ಯಾಥೊಲಿಕ್ ಸಭೆಯೇ 1972ರಲ್ಲಿ ಇದಕ್ಕೆ ಒಪ್ಪಿದೆ. ಸುಗಂಧ ಬೆರೆಸಬೇಡಿ, ಕೀಮೋದವರಿಗೆ ವಾಸನೆಯೊಂದೇ ಸಾಕು ವಾಕರಿಕೆಗೆ. ತಿರುಪಿನ ಮುಚ್ಚಳದ ಸಣ್ಣ ಶೀಶೆಯಲ್ಲಿ ಹತ್ತಿ ತುಂಬಿ, ಅದು ನೆನೆಯುವಷ್ಟೇ ಎಣ್ಣೆ ಹಾಕಿದರೆ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲೂ ಚೆಲ್ಲುವುದಿಲ್ಲ. ಮುಂಬೈ ಸೆಕೆಗೆ ಎಣ್ಣೆ ಬೇಗ ಕಮಟುತ್ತದೆ, ಆಗಾಗ ಬದಲಿಸಿ. ಹೆಬ್ಬೆರಳಿಗೆ ಅಂಟಿದಷ್ಟನ್ನು ಹಣೆಗೆ, ಅಂಗೈಗೆ ಹಚ್ಚಿ. ರೇಡಿಯೇಷನ್ ಕೊಡುತ್ತಿರುವ ಜಾಗಕ್ಕೆ ಬೇಡ. ಮೂಗಿಗೆ ಆಕ್ಸಿಜನ್ ಇದ್ದರೆ ಮುಖಕ್ಕೂ ಬೇಡ, ಕೈಗೆ ಸಾಕು. ಆಕ್ಸಿಜನ್ ಇದ್ದಲ್ಲಿ ಜಿಡ್ಡು ಬೇಗ ಹೊತ್ತಿಕೊಳ್ಳುತ್ತದೆ. ಮೇಣದಬತ್ತಿಯಂತೂ ಕೂಡದು.

ಪ್ರಾರ್ಥನೆ ಮೆಲುದನಿಯಲ್ಲಿರಲಿ, ಪಕ್ಕದ ಮಂಚದಲ್ಲೂ ನೋವಿದೆ. "ಯಾವ ಪಾಪ ಮಾಡಿದ್ದೀರಿ?" ಎಂದು ಯಾರೂ ಕೇಳಕೂಡದು, ಹುಟ್ಟುಕುರುಡನ ವಿಷಯದಲ್ಲಿ ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದ. ಮುಗಿದ ಮೇಲೆ "ಹೇಗನ್ನಿಸುತ್ತಿದೆ?" ಎಂದು ಕೇಳಿ, ಬಂದ ಉತ್ತರವನ್ನು ಒಪ್ಪಿಕೊಳ್ಳಿ. ಬೇತ್ಸಾಯಿದದಲ್ಲಿ ಕುರುಡನಿಗೆ ಮೊದಲ ಸಲ ಮಸುಕುಮಸುಕಾಗಿ ಕಂಡಾಗ ಯೇಸು ಎರಡನೇ ಸಲ ಕೈಯಿಟ್ಟ. ರೋಗಿಯ ಬಾಯಿಂದ "ಗುಣವಾಯ್ತು" ಅನ್ನಿಸುವ ಆತುರ ನಮಗೇಕೆ?

ಆ ಆತುರವೇ ಹೆಚ್ಚು ಕೆಡುಕು ಮಾಡುವುದು. ಸಾಮಾನ್ಯ ಟಿಬಿಗೆ 6 ತಿಂಗಳ ಔಷಧಿ. ಎರಡು ತಿಂಗಳೊಳಗೇ ಕೆಮ್ಮು ನಿಂತು, ಜ್ವರ ಬಿಟ್ಟು, ಊಟ ಸೇರತೊಡಗುತ್ತದೆ. ಆಗ ವೇದಿಕೆ ಹತ್ತಿಸಿ ಗುಣವಾದೆನೆಂದು ಸಾಕ್ಷಿ ಹೇಳಿಸಿದರೆ ಮಾತ್ರೆ ನಿಲ್ಲುತ್ತದೆ. ಒಳಗೆ ಉಳಿದ ರೋಗಾಣು ಔಷಧಿಗೆ ಬಗ್ಗದಂತಾಗಿ ಮನೆಯವರಿಗೂ ಅಂಟಬಹುದು. ಉಪವಾಸ ಪ್ರಾರ್ಥನೆಯ ದಿನ ಸಕ್ಕರೆ ಕಾಯಿಲೆಯವರದೂ ಇದೇ ಕಥೆ: ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಇಳಿದು ಕುಸಿಯುತ್ತಾರೆ, ಇನ್ಸುಲಿನ್ ಬಿಟ್ಟರೆ ಏರಿ ಅಪಾಯ. ಅವರಿಗೆ ಉಪವಾಸ ಬೇಡವೆಂದು ಸಭಾಪಾಲಕರೇ ವೇದಿಕೆಯಿಂದ ಹೇಳಲಿ. ಗುಣವಾದ ಕುಷ್ಠರೋಗಿಯನ್ನು ಯೇಸು ಯಾಜಕನಿಗೆ ತೋರಿಸಿಕೊಳ್ಳಲು ಕಳಿಸಿದ, ಗುಣವಾದದ್ದು ನಿಜವೇ ಎಂದು ಆಗ ನೋಡಿ ಹೇಳುತ್ತಿದ್ದವನು ಯಾಜಕನೇ. ಇಂದು ಆ ಜಾಗದಲ್ಲಿ ಡಾಕ್ಟರ ರಿಪೋರ್ಟ್ ಇದೆ. ಅದು ಬಂದ ಮೇಲೆ, ರೋಗಿ ಒಪ್ಪಿದರೆ ಮಾತ್ರ ಸಾಕ್ಷಿ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು 2013ರ ಮಹಾರಾಷ್ಟ್ರ ಕಾಯ್ದೆಯಂತೆ ಅಪರಾಧ, ನಂಬಿಕೆಗೂ ಅವಮಾನ. ಮನಸ್ಸು ಕುಗ್ಗಿದವರಿಗೆ ಪ್ರಾರ್ಥನೆಯ ಜೊತೆ 14416, ಟೆಲಿ ಮಾನಸ್ ನಂಬರನ್ನೂ ಕೊಡಿ.

ಇನ್ನು ಸೂಚನೆಗಳು. 18ರ ಸಂಜೆ ಆರಾಧನೆ, ನಂತರ ಬಿಪಿ, ಶುಗರ್ ತಪಾಸಣೆ. ರಾಜ್ಯೋತ್ಸವದ ಹಾಡಿನ ಅಭ್ಯಾಸ ಶನಿವಾರಗಳಂದು. ಚಂದಾ ಬಾಕಿಯವರು ಖಜಾಂಚಿಯವರನ್ನು ಕಾಣಿ. ಈ ಪತ್ರಿಕೆಯ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಲು, ಒಬ್ಬರು ಬೇಕೇ ಬೇಕು, ಇರುವವರಿಗೆ ನಿದ್ದೆಯಿಲ್ಲ. ಅದಕ್ಕಿಂತ ತುರ್ತು, ಪರೇಲಿನಲ್ಲಿ ರೋಗಿಗಳ ಜೊತೆ ನಿಲ್ಲುವ ಕೆಲಸದ್ದು. ಕನ್ನಡದ ಜೊತೆ ಹಿಂದಿಯೋ ಮರಾಠಿಯೋ ಬಂದರೆ ಸಾಕು. ಬಾಯಿಬಿಟ್ಟು ಪ್ರಾರ್ಥಿಸಲು ಸಂಕೋಚವಾದರೂ ಬನ್ನಿ, ಓಪಿಡಿ ಸಾಲಿನಲ್ಲಿ ಫೈಲು ಹಿಡಿದು ನಿಲ್ಲಲು ಜನ ಬೇಕು.