ಜೋಮಾಲೆ ಕರಗಿಸುವ ಮೊದಲು

ವಿರಾಜಪೇಟೆ
ಜುಲೈ ಕೊನೆ, ಮಳೆ ಇನ್ನೂ ಬಿಟ್ಟಿಲ್ಲ

ಪ್ರೀತಿಯ ಮಗಳೇ,

ನೀನು ನಿನ್ನೆ ರಾತ್ರಿ ಕಳಿಸಿದ ಮೆಸೇಜ್ ಇವತ್ತು ಬೆಳಿಗ್ಗೆ ಬಂತು. ಮೂರು ದಿನದಿಂದ ಕರೆಂಟ್ ಸರಿಯಾಗಿಲ್ಲ, ಟವರೂ ಇಲ್ಲ, ಫೋನ್ ಮಾಡಿದರೆ "ಹಲೋ ಹಲೋ" ಅನ್ನೋದರಲ್ಲೇ ಕಟ್ ಆಗುತ್ತೆ. ಅದಕ್ಕೇ ಕೂತು ಬರೀತಿದ್ದೇನೆ, ಟವರ್ ಬಂದಾಗ ತಾನಾಗೇ ನಿನಗೆ ಹೋಗಲಿ.

"ಅಮ್ಮಾ, ಒಬ್ಬರು ಅವರ ಅಜ್ಜಿಯ ಚಿನ್ನದ ಗುಂಡಿನ ಜೋಮಾಲೆ ಕರಗಿಸಿ ಹೊಸ ಡಿಸೈನ್ ಮಾಡಿಕೊಡಿ ಅಂತಿದ್ದಾರೆ, ಎಲ್ಲಾ ಸೇರಿ ಐದು ಸಾವಿರ ಹೇಳಿದ್ದೀನಿ, ಒಪ್ಪಿಕೊಳ್ಳಲಾ?" ಅಂತ ಕೇಳಿದ್ದೀಯ. ಒಪ್ಪಿಕೋ. ಐದು ಸಾವಿರಕ್ಕೆ ಬೇಡ. ಮತ್ತೆ, ನಾನು ಒಪ್ಪಿಕೊಂಡ ಹಾಗಂತೂ ಬೇಡ.

ಈ ಕಥೆ ನಿನಗೆ ನಾನು ಹೇಳಿಲ್ಲ. 2012ರಲ್ಲಿ ನೀನು ಇನ್ನೂ ಸಣ್ಣವಳು. ಆಗ ಅಂಗಡಿ ಅಂದರೆ ನಮ್ಮ ಮನೆಯ ಜಗಲಿ, ಒಂದು ಟೇಬಲ್, ಒಂದು ತೂಕದ ಯಂತ್ರ, ಅಷ್ಟೇ. ನಾನು ಒಡವೆಯ ಚಿತ್ರ ಬರೆಯೋದು, ಅಕ್ಕಸಾಲಿ ಆಚಾರ್ರು ಮಾಡೋದು. ಬೆಳ್ಳಿ ಬಿಟ್ಟು ಚಿನ್ನದ ಕೆಲಸ ಬಂದದ್ದೇ ಕಡಿಮೆ. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಏಪ್ರಿಲ್ ತಿಂಗಳು, ಮದುವೆಗಳ ಸಮಯ. ನಮಗೆ ಚೆನ್ನಾಗಿ ಪರಿಚಯದ ಒಂದು ಮನೆಯವರು ಬಂದರು. "ಜೋಮಾಲೆ ಈಗಿನ ಹುಡುಗಿಯರು ಎಲ್ಲಿ ಹಾಕ್ತಾರೆ, ಇದರಲ್ಲಿ ಎರಡು ಸರ ಮಾಡಿಕೊಡಿ" ಅಂದರು. ನಾನು ತೂಕಕ್ಕೆ ಇಟ್ಟೆ, ಮೂವತ್ತೆಂಟು ಗ್ರಾಂ ಚಿಲ್ಲರೆ, ಬಾಯಲ್ಲಿ ಹೇಳಿದೆ, ಅವರೂ ಕೇಳಿಸಿಕೊಂಡರು. ಚೀಟಿಯಲ್ಲಿ ಬರೆಯಲಿಲ್ಲ. ಪರಿಚಯದವರ ಮುಂದೆ ಚೀಟಿ ಬರೆದರೆ ಏನಂದುಕೊಳ್ತಾರೋ ಅಂತ ನನಗೇ ಸಂಕೋಚ!

ಜೋಮಾಲೆಯ ಗುಂಡು ಟೊಳ್ಳು, ಒಳಗೆ ಇರೋದು ಅರಗು. ನನಗೆ ಗೊತ್ತಿತ್ತು, ಆಚಾರ್ರಿಗೂ ಗೊತ್ತಿತ್ತು, ಅವರಿಗೂ ಗೊತ್ತಿರುತ್ತೆ ಅಂದುಕೊಂಡೆ. ಅರಗೆಲ್ಲ ಉರಿದು ಹೋಗಿ ಉಳಿದದ್ದು 29 ಗ್ರಾಂ.

"ಒಂಬತ್ತು ಗ್ರಾಂ ಎಲ್ಲಿ ಹೋಯ್ತು?"

ಜಗಳ ಮಾಡಿದ್ದರೆ ನಾನೂ ಎರಡು ಮಾತು ಆಡ್ತಿದ್ದೆ. ಅವರು ನಾನು ಕೊಟ್ಟ ಕಾಫಿ ಪೂರ್ತಿ ಕುಡಿದರು, "ಪರವಾಗಿಲ್ಲ ಬಿಡಿ" ಅಂದರು, ಎದ್ದು ಹೋದರು. ಮುಂದಿನ ವಾರ ಬರಬೇಕಿದ್ದ ಇಬ್ಬರು ಬರಲಿಲ್ಲ. ನಿನ್ನ ಅಪ್ಪನನ್ನು ಪೇಟೆಯಲ್ಲಿ ಒಬ್ಬರು ನಗುತ್ತಾ ಕೇಳಿದರಂತೆ, "ನಿಮ್ಮ ಮನೆಯಲ್ಲಿ ಚಿನ್ನ ಕರಗುತ್ತಂತಲ್ಲಾ" ಅಂತ. ಆಗ ಚಿನ್ನ ಗ್ರಾಂಗೆ ಮೂರು ಸಾವಿರದ ಹತ್ತಿರ. ನಾನು ನನ್ನ ಒಂದು ಬಳೆ ಮುರಿಸಿ ನಾಲ್ಕು ಗ್ರಾಂ ತೆಗೆದುಕೊಂಡು ಹೋಗಿ ಅವರ ಕೈಯಲ್ಲಿಟ್ಟೆ, ಬಾಯಿ ಮುಚ್ಚಲಿ ಅಂತ. ಅವರು ತೆಗೆದುಕೊಂಡರು. ಅಲ್ಲಿಗೆ ನಾನೇ ಕದ್ದಿದ್ದೆ ಅಂತ ನಾನೇ ಒಪ್ಪಿಕೊಂಡ ಹಾಗಾಯ್ತು, ಅಲ್ವಾ? ಬಳೆಯೂ ಹೋಯ್ತು, ಮಾತೂ ಹೋಯ್ತು.

ಅದಾದ ಮೇಲೆ ಆಚಾರ್ರು ನನಗೆ ಕಲಿಸಿದ ಒಂದು ಉಪಾಯ ಇದೆ, ಅದನ್ನು ನೀನು ಹಾಗೇ ಮಾಡು. ಮೊದಲು ಫ್ಯಾನ್ ಆರಿಸು. ಮಿಲಿಗ್ರಾಂ ತೋರಿಸುವ ಯಂತ್ರ ಗಾಳಿಗೂ ಅಲ್ಲಾಡುತ್ತೆ. ಅದಕ್ಕೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಹಾಕಿಸಬೇಕು, ಹಾಕಿಸಿದ್ದೀಯಾ? ಅವರ ಎದುರೇ ಮಾಲೆಯನ್ನು ತೂಗು, ಯಂತ್ರದ ಮೇಲೆ ಇರುವಾಗಲೇ ಫೋಟೋ ತೆಗಿ. ಗುಂಡುಗಳನ್ನು ಅವರ ಕೈಯಲ್ಲೇ ಎಣಿಸು. ಚೀಟಿಯಲ್ಲಿ "ದಾರ ಮತ್ತು ಅರಗು ಸಮೇತ" ಅಂತ ಬರಿ. ಆಮೇಲೆ ಅವರನ್ನು ಆಚಾರ್ರ ಹತ್ತಿರ ಕರಕೊಂಡು ಬಾ, ಮಾಲೆಯಿಂದ ಒಂದೇ ಒಂದು ಗುಂಡು ಬಿಡಿಸಲಿ.

ನೀನು ನೋಡಿಲ್ಲ ಅನ್ನಿಸುತ್ತೆ. ಆಚಾರ್ರು ಆ ಗುಂಡನ್ನು ಚಿಮಟದಲ್ಲಿ ಹಿಡಿದು ಸಣ್ಣ ಉರಿಗೆ ತೋರಿಸ್ತಾರೆ. ಸ್ವಲ್ಪ ಹೊತ್ತು ಏನೂ ಆಗಲ್ಲ. ಆಮೇಲೆ ದಾರದ ತೂತಿನಿಂದ ಅರಗು ಕಂದು ಜೇನಿನ ಹಾಗೆ ಇಣುಕುತ್ತೆ, ಉಬ್ಬುತ್ತೆ, ಹೊತ್ತಿಕೊಳ್ಳುತ್ತೆ, ಹಿಂದೆ ಪೋಸ್ಟ್ ಆಫೀಸಿನಲ್ಲಿ ಪಾರ್ಸಲ್‌ಗೆ ಸೀಲ್ ಹಾಕುವಾಗ ಬರ್ತಿತ್ತಲ್ಲ, ಅದೇ ವಾಸನೆ. ಆರಿದ ಮೇಲೆ ಮತ್ತೆ ತೂಗಬೇಕು. ಮೊನ್ನೆ ಒಂದು ಮಾಲೆಯ ಗುಂಡು ಮೊದಲು 0.740 ಇತ್ತು, ಉರಿದ ಮೇಲೆ 0.560. ಅಂದರೆ ಗುಂಡಿಗೆ 0.180 ಗ್ರಾಂ ಅರಗು. 52 ಗುಂಡಿಗೆ ಒಂಬತ್ತು ಗ್ರಾಂ ದಾಟಿತು. ಆ ಲೆಕ್ಕವನ್ನು ಆ ಮನೆಯ ಹುಡುಗಿಯೇ ಮೊಬೈಲಿನಲ್ಲಿ ಹಾಕಿದಳು, ನಾನು ಏನೂ ಹೇಳಲಿಲ್ಲ. ಅವರು ಹೇಳುವುದಕ್ಕೂ ಏನೂ ಉಳಿಯಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು, ಯಾಕಂದ್ರೆ ಇದು ಕಣ್ಣಿಗೆ ಕಾಣಲ್ಲ. ಒಂದೊಂದು ಗುಂಡೂ ಎರಡು ಬಟ್ಟಲು ಸೇರಿಸಿ ಬೆಸೆದದ್ದು. ಐವತ್ತು ಗುಂಡು ಅಂದರೆ ಐವತ್ತು ಬೆಸುಗೆ. ಬೆಸುಗೆಯ ಚಿನ್ನದಲ್ಲಿ ಬೇರೆ ಲೋಹ ಜಾಸ್ತಿ ಇರುತ್ತೆ, ಇಲ್ಲದಿದ್ದರೆ ಅದು ಗುಂಡಿಗಿಂತ ಮೊದಲು ಕರಗೋದೇ ಇಲ್ಲ. ಎಲ್ಲ ಒಟ್ಟಿಗೆ ಮೂಸೆಗೆ ಹಾಕಿ ಕರಗಿಸಿದರೆ ಗಟ್ಟಿ 916, ಅಂದರೆ ಸಾವಿರಕ್ಕೆ 916 ಪಾಲು ಶುದ್ಧ ಚಿನ್ನ ಇರುವ 22 ಕ್ಯಾರೆಟ್, ಬರೋದು ಕಷ್ಟ. 890 ಬಂತು ಅಂತಿಟ್ಟುಕೋ. 22 ಕ್ಯಾರೆಟ್‌ನ ಹಾಲ್‌ಮಾರ್ಕ್ ಮುದ್ರೆ ಬೀಳಲ್ಲ, ಅದರ ಕೆಳಗಿನದು 20 ಕ್ಯಾರೆಟ್, ಅಂದರೆ 833. ಇಲ್ಲಾ ಶುದ್ಧ ಮಾಡಿಸಬೇಕು, ಇಲ್ಲಾ ಅಪರಂಜಿ, ಅಂದರೆ ಶುದ್ಧ ಚಿನ್ನ, ಸೇರಿಸಬೇಕು. ಆ ದುಡ್ಡು ಯಾರದ್ದು? ಇದನ್ನು ಈಗಲೇ ಕೇಳು. ನೀನು ಸಣ್ಣ ವ್ಯಾಪಾರದವಳು, ವರ್ಷಕ್ಕೆ 40 ಲಕ್ಷ ದಾಟದವರಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ನಿಜ. ಆದರೆ 2023ರ ಏಪ್ರಿಲ್ ಒಂದರಿಂದ ಅಂಗಡಿಗಳಲ್ಲಿ ಒಡವೆ ಮೇಲೆ ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತು, ಅದೇ ಎಚ್‌ಯುಐಡಿ, ನೋಡಿ ನೋಡಿ ಜನಕ್ಕೆ ಅಭ್ಯಾಸ ಆಗಿದೆ, ಒಡವೆ ಕೈಗೆ ಬಂದ ಕೂಡಲೇ ಆ ಗುರುತು ನಿಜವಾ ಅಂತ ನೋಡೋಕೆ ಬಿಐಎಸ್ ಕೇರ್ ಆ್ಯಪ್ ತೆಗೀತಾರೆ. ನಿನಗೆ ಮೈಸೂರಿನಲ್ಲೇ ಹಾಲ್‌ಮಾರ್ಕ್ ಸೆಂಟರ್ ಇದೆ. ಹಳೆಯದನ್ನು ಮೊದಲು ಅಲ್ಲಿ ಪರೀಕ್ಷೆ ಮಾಡಿಸಿ, ಆ ಕಾಗದ ಅವರಿಗೇ ಕೊಡು.

ಅಥವಾ ಕರಗಿಸಲೇಬೇಡ. ಇದು ನನ್ನ ಅಭಿಪ್ರಾಯ, ಅವರ ಒಡವೆ ಅವರ ಇಷ್ಟ, ಒಂದು ಸಲ ಹೇಳಿ ಸುಮ್ನಿರು. ಅಷ್ಟು ತೆಳು ಗುಂಡನ್ನು ಕೈಯಲ್ಲಿ ತಟ್ಟಿ ಮಾಡಿದ್ದನ್ನು ಗಟ್ಟಿ ಮಾಡಿ ತಂತಿ ಎಳೆಯೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ನೀನು ಮಾಡಿದ್ದೆಯಲ್ಲ, ಆ ಕಾಫಿ ಹೂವಿನ ಬೆಳ್ಳಿ ಓಲೆಯ ಜೊತೆಗೆ ಮುತ್ತು ಕೋದ ಸಣ್ಣ ಸರ, ಅದೇ ರೀತಿ ಇಪ್ಪತ್ತು ಗುಂಡು ತೆಗೆದು ಮುತ್ತಿನ ಜೊತೆ ಕುತ್ತಿಗೆಗೆ ಅಂಟುವ ಹಾಗೆ ಪೋಣಿಸಿ ತೋರಿಸು. ಆಫೀಸಿಗೂ ಹಾಕಬಹುದು. ಉಳಿದ ಗುಂಡು ಡಬ್ಬಿಯಲ್ಲಿರಲಿ, ಮುಂದೆ ಅವಳ ಮಗಳಿಗೆ ಬೇಕಾದರೆ ಮತ್ತೆ ಜೋಮಾಲೆ ಆಗುತ್ತೆ. ಒಪ್ಪದಿದ್ದರೆ ಬಿಡು, ಭಾಷಣ ಬೇಡ.

ಈಗ ಐದು ಸಾವಿರದ ಕಥೆ. ಆಚಾರ್ರ ಕೂಲಿ ಮೂರೂವರೆ ಸಾವಿರ. ಪಾಲಿಶ್, ಮುತ್ತು, ಹೊಸ ಕೊಕ್ಕೆ. ಮೈಸೂರಿಂದ ಇಲ್ಲಿಗೆ ಎರಡು ಸಲ ಬಸ್ಸು. ಮೂರು ಚಿತ್ರ ಬರೆದು ಕಳಿಸಿದ್ದೀಯ, ಒಂದನ್ನು ನಾಲ್ಕು ಸಲ ತಿದ್ದಿದ್ದೀಯ, ರಾತ್ರಿ ಹನ್ನೊಂದಕ್ಕೂ ಅವರಿಗೆ ಉತ್ತರ ಕೊಟ್ಟಿದ್ದೀಯ. ಅದಕ್ಕೆ ಎಷ್ಟು ಹಾಕಿದ್ದೀಯ? ಸೊನ್ನೆ. ಲಕ್ಷಗಟ್ಟಲೆ ಬೆಲೆಯ ಬೇರೆಯವರ ಚಿನ್ನ ನಿನ್ನ ಬೀರುವಿನಲ್ಲಿ ಮೂರು ವಾರ ಇರುತ್ತೆ, ಆ ಮೂರು ವಾರ ನಿನಗೆ ನಿದ್ದೆ ಸರಿ ಬರಲ್ಲ, ಅದಕ್ಕೂ ಸೊನ್ನೆ. ನಾನೂ ಹತ್ತು ವರ್ಷ ಹೀಗೇ ಮಾಡಿದೆ, ಆಚಾರ್ರ ಕೂಲಿ ಬರೆಯೋದು, ನನ್ನದು ಬರೆಯದೇ ಇರೋದು, ಮತ್ತೆ ವರ್ಷದ ಕೊನೆಗೆ ಅಪ್ಪನ ಹತ್ತಿರ ಮೆಣಸಿನ ದುಡ್ಡು ಕೇಳೋದು. ಬಿಲ್ಲಿನಲ್ಲಿ "ಡಿಸೈನ್" ಅಂತ ಒಂದು ಸಾಲು ಬೇರೆ ಹಾಕು. ಒಂಬತ್ತೂವರೆ ಸಾವಿರ ಹೇಳು. ಅರ್ಧ ಮುಂಗಡ ತಗೋ, ಗುಂಡು ಬಿಡಿಸುವ ಮೊದಲು. "ನಿನ್ನೆ ಐದು ಅಂದಿದ್ರಲ್ಲ" ಅಂತಾರೆ. "ಅಮ್ಮನನ್ನು ಕೇಳಿದೆ, ಲೆಕ್ಕ ತಪ್ಪಿತ್ತು" ಅನ್ನು, ಬೈದರೆ ನನ್ನನ್ನು ಬೈಯಲಿ.

ಆಚಾರ್ರನ್ನು ಕೇಳಿದ್ದೇನೆ, ಶುಕ್ರವಾರ ಬಿಟ್ಟು ಯಾವತ್ತಾದರೂ ಬರಲಿ ಅಂದರು. ಕಣ್ಣು ಈಗ ಅಷ್ಟು ಚೆನ್ನಾಗಿಲ್ಲ ಅವರಿಗೆ, ಮೋಡ ಇದ್ದರೆ ಬೆಸುಗೆ ಹಾಕಲ್ಲ, ಹಾಗಾಗಿ ಅವರ ಎದುರು ಅವಸರ ಮಾಡಬೇಡ. ಬರುವಾಗ ಜೋಮಾಲೆಯನ್ನು ಬಿಸಿ ಟಿಫಿನ್ ಡಬ್ಬಿಯ ಪಕ್ಕ ಇಡಬೇಡ, ಅರಗು ಮೆತ್ತಗಾಗುತ್ತೆ. ನೀನು ಕಳೆದ ಸಲ ಇಲ್ಲೇ ಬಿಟ್ಟುಹೋದ ಬೆಳ್ಳಿ ಓಲೆಗಳೆಲ್ಲ ಈ ಮಳೆಗೆ ಕಪ್ಪಾಗಿ ಕೂತಿವೆ, ಬಂದು ನೀನೇ ಉಜ್ಜಿಕೋ. ಹಾಗೇ ಆಚಾರ್ರಿಗೆ ಬೆಸುಗೆಗೆ ಅರ್ಧ ಕೆ.ಜಿ. ಬಿಳಿಗಾರ ತಗೊಂಡು ಬಾ, ಮತ್ತೆ ನನಗೆ ಆ ಸಣ್ಣ ಜಿಪ್ ಕವರು ಎರಡು ಕಟ್ಟು. ಆಗಸ್ಟ್ ಮೂರಕ್ಕೆ ನಮ್ಮ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆ ದಿನ ಬಂದರೆ ಮದ್ದು ಸೊಪ್ಪಿನ ಪಾಯಸ ಇರುತ್ತೆ.

ಇತಿ,
ಅಮ್ಮ