100ನೇ ದಿನ, ನಮ್ಮ ಅತ್ತಿಗೆಗೆ

ಇವತ್ತಿಗೆ ನನ್ನ ಸ್ಟೆಮ್ ಸೆಲ್ (ರಕ್ತದ ಮೂಲಕೋಶ) ಟ್ರಾನ್ಸ್‌ಪ್ಲಾಂಟ್ ಆಗಿ 100 ದಿನ. ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್‌ನ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ರಜೆ ಹಾಕಿ ಬಂದು ಪ್ಲೇಟ್‌ಲೆಟ್ ಕೊಟ್ಟವರು, ಮಗಳನ್ನು ನೋಡಿಕೊಂಡ ಅಮ್ಮ, ದುಡ್ಡಿಗಾಗಿ ಓಡಾಡಿದ ನಮ್ಮೆಜಮಾನರು ಮತ್ತು ಅಣ್ಣ, ಅಡ್ಮಿಟ್ ಆಗುವ ಮೊದಲೇ ಹುಳುಕು ಹಲ್ಲು ಕಿತ್ತು ಚೂಪು ಹಲ್ಲನ್ನು ಉಜ್ಜಿ ನುಣುಪು ಮಾಡಿಕೊಟ್ಟ ಹಲ್ಲಿನ ಡಾಕ್ಟರ್, ವಾರ್ಡಿನ ಸಿಸ್ಟರ್‌ಗಳು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಅತ್ತಿಗೆಯ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ರೂಮಿನಲ್ಲಿ ನನ್ನ ಜೊತೆ ಒಬ್ಬರಿಗೆ ಮಾತ್ರ ಇರಲು ಬಿಡುತ್ತಿದ್ದರು. ದಾವಣಗೆರೆಯ ಮನೆ, ಅಂಗಡಿ ಎಲ್ಲ ಅಣ್ಣನಿಗೆ ಬಿಟ್ಟು ಅತ್ತಿಗೆ ಬಂದರು. ಮೆಲ್ಫಲಾನ್ ಅನ್ನೋ ಕಿಮೋ ಔಷಧಿ ಕೊಡುವ ದಿನ ಸಿಸ್ಟರ್ ಒಂದು ಡಬ್ಬಿ ಐಸ್ ತುಂಡು ತಂದಿಟ್ಟರು. ಔಷಧಿ ಹತ್ತಿಸುವ ಮುಂಚಿನಿಂದ, ಮುಗಿದ ಮೇಲೂ ಸ್ವಲ್ಪ ಹೊತ್ತು, ಬಾಯಲ್ಲಿ ಐಸ್ ಇರಲೇಬೇಕು. ಬಾಯಿ ತಣ್ಣಗಾದರೆ ರಕ್ತನಾಳಗಳು ಕಿರಿದಾಗುತ್ತವೆ, ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತದೆ, ಹುಣ್ಣೂ ಕಡಿಮೆ. ಕೇಳಲು ಸುಲಭ, ಅಲ್ವಾ? ಹತ್ತು ನಿಮಿಷಕ್ಕೆ ಹಲ್ಲು ಜುಮ್ಮೆಂದಿತು, ನಾಲಿಗೆ ಮರಗಟ್ಟಿತು. ಉಗಿದುಬಿಟ್ಟೆ. ಅತ್ತಿಗೆ ತಾವೂ ಒಂದು ತುಂಡು ಬಾಯಿಗೆ ಹಾಕಿಕೊಂಡರು. ‘ನನಗೂ ಜುಮ್ ಅಂತೈತೆ ಕಣೇ. ನೀನು ಇಟ್ಕಳೋವರೆಗೂ ನಾನೂ ಇಟ್ಕತೀನಿ’ ಅಂದರು. ಡಬ್ಬಿ ಖಾಲಿಯಾಗುವವರೆಗೂ ಇಬ್ಬರೂ ಮಾತಿಲ್ಲದೆ ಚೀಪಿದೆವು.

ಆದರೂ ಪೂರ್ತಿ ತಪ್ಪಲಿಲ್ಲ. ಎಂಟನೇ ರಾತ್ರಿ ಕೆನ್ನೆಯೊಳಗೆ ಎರಡು, ನಾಲಿಗೆ ಕೆಳಗೆ ಒಂದು ಹುಣ್ಣು. ಜ್ವರ ಬೇರೆ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಅತ್ತಿಗೆ ಮೊಬೈಲಿನಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು, ನನ್ನನ್ನು ಎಬ್ಬಿಸಿ, ಉಪ್ಪು-ಸೋಡಾ ನೀರಿನಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡುತ್ತಿದ್ದರು. ಒಂದು ಸಲ ಲೋಟ ತಳ್ಳಿಬಿಟ್ಟೆ. ನೀರೆಲ್ಲ ಅವರ ಸೀರೆ ಮೇಲೆ. ‘ಸಾಕು ಅತ್ತಿಗೆ, ನನ್ನ ಬಿಟ್ಟುಬಿಡಿ’ ಅಂದೆ. ನಾನು ಹೇಳಿದ್ದು ಬಾಯಿ ಮುಕ್ಕಳಿಸುವುದರ ಬಗ್ಗೆ ಅಲ್ಲ ಅಂತ ಅವರಿಗೆ ಗೊತ್ತಾಯಿತು.

ಅವರು ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ನೆಲ ಒರೆಸಿದರು. ಮತ್ತೆ ಲೋಟ ತುಂಬಿದರು. ಗದ್ದದ ಕೆಳಗೆ ಬೇಸಿನ್ ಹಿಡಿದು, ‘ಇದೊಂದ್ ಸಲ ಮುಕ್ಕಳ್ಸು. ಮಿಕ್ಕಿದ್ದು ಬೆಳಿಗ್ಗೆ ಮಾತಾಡಾಣ’ ಅಂದರು. ಬೆಳಗಾಗುವವರೆಗೂ ಹೀಗೇ, ಒಂದೊಂದು ಸಲ. ಬೆಳಿಗ್ಗೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಅತ್ತಿಗೆ.

ಬಾಯಿ ಹುಣ್ಣಿಗೆ ಏನು ಮಾಡಿದಿರಿ ಅಂತ ಕಿಮೋ ಶುರುವಾಗಲಿರುವ ಕೆಲವರು ಕೇಳಿದ್ದೀರಿ. ನಾವು ಮಾಡಿದ್ದು ಇಷ್ಟೇ: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ತೀರಾ ಮೆತ್ತಗಿನ ಬ್ರಷ್. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಐಸ್ ಮಾತ್ರ ಎಲ್ಲ ಔಷಧಿಗೂ ಅಲ್ಲ. ಆಕ್ಸಾಲಿಪ್ಲಾಟಿನ್ ಅನ್ನೋ ಕಿಮೋ ಔಷಧಿ ತೆಗೆದುಕೊಳ್ಳುವವರಿಗೆ ತಣ್ಣನೆಯದು ಆಗುವುದಿಲ್ಲ. ಡಾಕ್ಟರನ್ನು ಕೇಳಿಯೇ ಮಾಡಿ.

ಮೊನ್ನೆ ಅತ್ತಿಗೆ ಮಂಡಕ್ಕಿ ಒಗ್ಗರಣೆ ಮಾಡಿದ್ದರು. ನನ್ನ ಪಾಲನ್ನು ಮೆಣಸಿನಕಾಯಿ ಹಾಕದೆ ಬೇರೆ ತೆಗೆದಿಟ್ಟಿದ್ದರು. ನಾನು ಬಾಣಲೆಯಿಂದ ಖಾರದ್ದನ್ನೇ ಒಂದು ಚಮಚ ಹಾಕಿಕೊಂಡು ತಿಂದೆ. ಖಾರ ಹತ್ತಿತು, ನೋಯಲಿಲ್ಲ. ಅತ್ತಿಗೆ ಸೌಟು ಹಿಡಿದು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು. ಇನ್ನೊಂದು ಚಮಚ ಕೇಳಿದೆ.