ಎಲ್ಲ ಕೀಲುನೋವಿಗೂ ಎಣ್ಣೆ ತಿಕ್ಕಬೇಡಿ

ಮಾನ್ಯ ಸಂಪಾದಕರೇ,

ಕೀಲುನೋವಿನ ಮನೆಮದ್ದು ಎಂದು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ‘ಎಣ್ಣೆ ತಿಕ್ಕಿ, ಬಿಸಿನೀರು ಹಾಕಿಕೊಳ್ಳಿ’ ಎಂಬ ಮಾತು ಇದ್ದೇ ಇರುತ್ತದೆ. ವಯಸ್ಸಾಗಿ ಸವೆದ ಮಂಡಿಗೆ ಅದರಿಂದ ಹಾಯೆನಿಸಬಹುದು. ಆಯುರ್ವೇದದವರು ಆ ಸವೆತದ ನೋವನ್ನು ಸಂಧಿವಾತ ಎನ್ನುತ್ತಾರೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಅದಕ್ಕೆ ಅವರಿಟ್ಟ ಹೆಸರು ಆಮವಾತ. ರೋಗ ಬೇರೆ, ಉಪಚಾರವೂ ಬೇರೆ.

ನಾನು ಬಟ್ಟೆ ಹೊಲಿದು ಬದುಕುವವಳು. ರೋಗ ಜೋರಾಗಿದ್ದಾಗ ಎರಡೂ ಕೈಗಳ ಬೆರಳ ಬುಡ ಊದಿಕೊಂಡು, ಕತ್ತರಿಯ ಹಿಡಿಯೊಳಗೆ ಹೆಬ್ಬೆರಳೇ ತೂರುತ್ತಿರಲಿಲ್ಲ. ಎದ್ದು ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಕಂಡವರೆಲ್ಲ ಎಣ್ಣೆ ಹಚ್ಚು ಅಂದರು. ಬೇಡ ಅಂದವರು ಆಯುರ್ವೇದ ವೈದ್ಯರೇ! ಊತ, ಬಿಸಿ ಇರುವಾಗ ಎಣ್ಣೆ ಕೂಡದು, ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒಣ ಶಾಖ ಕೊಡಿ ಅಂದರು. ಸರಿಯಾಗಿ ಜೀರ್ಣವಾಗದೆ ಉಳಿದ ‘ಆಮ’ ವಾತದ ಜೊತೆ ಸೇರಿ ಕೀಲಿಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ರೋಗ ಗುರುತಿಸುವುದನ್ನು ಹೇಳುವ ಹಳೆಯ ಆಯುರ್ವೇದ ಗ್ರಂಥ ‘ಮಾಧವ ನಿದಾನ’ದಲ್ಲಿ ಈ ರೋಗಕ್ಕೇ ಒಂದು ಅಧ್ಯಾಯವಿದೆಯಂತೆ.

ಹಾಗಾಗಿ ಮೊದಲು ಹೊಟ್ಟೆ ಹಗುರ ಮಾಡಿಸಿದರು. ಹಸಿವಾದರೆ ಮಾತ್ರ ಊಟ, ರಾತ್ರಿ ಬೇಗ ಊಟ. ಶುಂಠಿ ಹಾಕಿ ಕುದಿಸಿದ ನೀರು, ಹುರಳಿ ಕಟ್ಟು, ಹಳೆ ಅಕ್ಕಿ, ಹಾಗಲಕಾಯಿ. ಮೊಸರು, ಉದ್ದು, ಬೆಲ್ಲ ಬೇಡ. ಹಗಲುನಿದ್ದೆ, ರಾತ್ರಿ ಜಾಗರಣೆ ಎರಡೂ ಬೇಡ. ಹಬ್ಬದ ಸಮಯದಲ್ಲಿ ರಾತ್ರಿಯೆಲ್ಲ ಹೊಲಿಯುವುದನ್ನು ಬಿಟ್ಟಿದ್ದೇ ನನಗೆ ಕಷ್ಟವಾಯಿತು. ಪಥ್ಯ ಹಿಡಿದ ಮೇಲೆ ಹೊಟ್ಟೆಯುಬ್ಬರ ಹೋಯಿತು, ನಿದ್ದೆ ಬಂತು, ಸುಸ್ತು ಕಡಿಮೆಯಾಯಿತು. ಇಂದಿಗೂ ಬಿಟ್ಟಿಲ್ಲ.

ಆದರೆ ಬೆರಳಿನ ಊತ ಇಳಿಸಿದ್ದು ರುಮಟಾಲಜಿಸ್ಟ್, ಅಂದರೆ ಇಂಥ ಕೀಲುರೋಗಗಳ ತಜ್ಞರು, ಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆ. ಅದನ್ನು ನಾನು ವಾರಕ್ಕೊಮ್ಮೆ ಮಾತ್ರ ನುಂಗುವುದು, ದಿನಾ ಅಲ್ಲ. ಲಿವರ್ ಹೇಗಿದೆ ಎಂದು ಆಗಾಗ ರಕ್ತ ಪರೀಕ್ಷೆಯೂ ಆಗುತ್ತದೆ. ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುವ ರೋಗ ಇದು. ಔಷಧ ತಡವಾದರೆ ಮೊದಲ ಒಂದೆರಡು ವರ್ಷದಲ್ಲೇ ಮೂಳೆ ಕೊರೆಯಬಹುದು. ಕೊರೆದದ್ದನ್ನು ಯಾವ ಪಥ್ಯವೂ ತುಂಬಿ ಕೊಡುವುದಿಲ್ಲ. ನನ್ನ ವೈದ್ಯರಿಬ್ಬರಿಗೂ ಇನ್ನೊಬ್ಬರು ಕೊಟ್ಟಿದ್ದು ಏನೆಂದು ಗೊತ್ತು. ಹಾಗಿರಲೇಬೇಕು ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ. ‘ಇಂಗ್ಲಿಷ್ ಔಷಧ ಬಿಡಿ, ಗ್ಯಾರಂಟಿ ವಾಸಿ’ ಅನ್ನುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾದರೆ ಒಳಗೆ ಸ್ಟೀರಾಯ್ಡ್ ಬೆರೆಸಿರಬಹುದು ಎಂದು ಅನುಮಾನ ಪಡಲೇಬೇಕು. ಅಮೆರಿಕದ ಬೋಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆ ವರದಿ ಬಂದಿದ್ದು 2004ರಲ್ಲಿ. ರುಮಾಟಿಸಂ, ಅಂದರೆ ಕೀಲುವಾತವನ್ನು ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನು ತಡೆಯುತ್ತದೆ. ಆದರೂ ಅಂಥವು ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇವೆ.

ಅವುಗಳಿಗೆ ಜಾಗ ಕೊಡಬೇಡಿ ಎಂಬುದು ನನ್ನ ಕೋರಿಕೆ. ಮುಂದಿನ ಸಲ ಕೀಲುನೋವಿನ ಲೇಖನ ಹಾಕುವಾಗ ಇದನ್ನೂ ಸೇರಿಸಿ: ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದು, ವಾರಗಳು ಕಳೆದರೂ ಇಳಿಯದಿದ್ದರೆ ಎಣ್ಣೆ ಪಕ್ಕಕ್ಕಿಟ್ಟು ರುಮಟಾಲಜಿಸ್ಟ್ ಹತ್ತಿರ ಹೋಗಿ, ಈ ರೋಗ ಪತ್ತೆಗೆ ನೆರವಾಗುವ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.

– ಒಬ್ಬ ಓದುಗಿ